ಭಾನುವಾರದ ತೂಕ

ಮಾರ್ಚ್ ಮೂರನೇ ತಾರೀಕು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಜ್ಜಿ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಳು. ಹಿಂದೆ ಆಸ್ಪತ್ರೆಗಳಲ್ಲಿ ಇರುತ್ತಿದ್ದಂಥ, ನಿಂತು ತೂಗಿಸಿಕೊಳ್ಳುವ ಕಬ್ಬಿಣದ ಯಂತ್ರ ಅದು. ಎದೆಮಟ್ಟದಲ್ಲಿ ಒಂದು ದಂಡ, ದಂಡದ ಮೇಲೆ ಅತ್ತಿತ್ತ ಜಾರುವ ಗುಂಡು. ಮಗ ಗುಂಡನ್ನು ಬೆರಳ ತುದಿಯಿಂದ ತಳ್ಳಿದ. ದಂಡ ಎರಡು ಸಲ ಓಲಾಡಿ ಸಮನಾಗಿ ನಿಂತಿತು.

"ನಲವತ್ತೆಂಟು ಇನ್ನೂರು," ಅಂದ.

"ಸ್ವಲ್ಪ ಸರೀರಿ, ನಾನೂ ನೋಡ್ತೀನಿ," ಎಂದು ಸೊಸೆ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಬಗ್ಗಿ ನೋಡಿದಳು. ನಲವತ್ತೆಂಟು ಕಿಲೋ ಇನ್ನೂರು ಗ್ರಾಂ. ಆ ವಾರ ಆ ಮನೆಯಲ್ಲಿ ತಕರಾರಿಲ್ಲದೆ ಮುಗಿದ ಮಾತು ಅದೊಂದೇ.

ಕೆಳಗೆ ತಕ್ಕಡಿ ರಿಪೇರಿಯ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಅಂಗಡಿ ನಡೆಸುವ ಮಗನನ್ನು ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಅವನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಜೂನ್‌ನಲ್ಲಿ ಅಲ್ಲಿನ ಮುಖ್ಯಸ್ಥೆ ನಿವೃತ್ತಳಾದರೆ ಆ ಕುರ್ಚಿ ಇವಳಿಗೆ ಎಂದು ಮಾತಾಗಿತ್ತು. ಹದಿನಾರು ವರ್ಷ ಎರಡನೆಯವಳಾಗಿ ದುಡಿದವಳಿಗೆ ಅದು ಸಣ್ಣ ಮಾತಲ್ಲ. ಅವರ ಮಗಳಿಗೆ ಇಪ್ಪತ್ತು. ಹುಟ್ಟಿದಾಗ ತೂಕ ತೀರ ಕಡಿಮೆಯಿತ್ತೆಂದು ತಾತ ಗುಲಗಂಜಿಯ ನೆನಪಿಗೆ ಗುಂಜಿ ಎಂದು ಕರೆದದ್ದು ಹಾಗೇ ಉಳಿದಿತ್ತು. ತಾತ ತೀರಿಕೊಂಡಿದ್ದ. ಅಂಗಡಿಯಿಂದ ಹೊರಹೋಗುವ ತೂಕದ ಬಟ್ಟುಗಳಿಗೆ ಗೀರು ಬೀಳದಂತೆ ದಪ್ಪ ಮೆತ್ತನೆಯ ಬಟ್ಟೆಯಲ್ಲಿ ಚೀಲ ಹೊಲಿಯುವುದು ಅವನ ಕಾಲದಿಂದಲೂ ಅಜ್ಜಿಯ ಕೆಲಸ.

ಜನವರಿಯಲ್ಲಿ ಅಜ್ಜಿಗೆ ಹಿಡಿದ ಕೆಮ್ಮು ಪೂರ್ತಿ ಬಿಟ್ಟಿರಲಿಲ್ಲ. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಗಾಬರಿಯಾಗುವಂಥದ್ದೇನಿಲ್ಲ, ಆದರೆ ತೂಕದ ಮೇಲೆ ಕಣ್ಣಿಡಿ, ನಲವತ್ತಾರಕ್ಕಿಂತ ಇಳಿದರೆ ತಡಮಾಡದೆ ಕರೆತನ್ನಿ ಎಂದಿದ್ದರು. ಧೂಳಿಲ್ಲದ ಗಾಳಿಯಾದರೆ ಒಳ್ಳೆಯದು ಎಂದೂ ಹೇಳಿದ್ದರು. ಈ ಕೊನೆಯ ಮಾತು ಅವರೇ ಆಡಿದ್ದೋ, ಮೇಸ್ತ್ರಿ ಕೇಳಿದ್ದಕ್ಕೆ ಹೂಂಗುಟ್ಟಿದ್ದೋ ಎಂಬ ಬಗ್ಗೆ ಗಂಡಹೆಂಡಿರಿಗೆ ಆಗಲೇ ಮೂರು ಸಲ ಜಗಳವಾಗಿತ್ತು.

ಯಾಕೆಂದರೆ ಮೇಸ್ತ್ರಿಯ ತಲೆಗೆ ಒಂದು ಊರು ಹೊಕ್ಕಿತ್ತು. ಬಸ್ಸಿನಲ್ಲಿ ಐದು ಗಂಟೆ, ಇಳಿದು ನಡೆದರೆ ಸಮುದ್ರ. ಸದ್ದಿಲ್ಲದ ಸಣ್ಣ ಊರು. ಇಲ್ಲಿ ಕೊಡುವ ಬಾಡಿಗೆಯ ಮೂರನೇ ಒಂದು ಪಾಲಿಗೆ ಹಿತ್ತಲಿರುವ ಮನೆ. ಮನೆಯನ್ನೂ ನೋಡಿ ಬಂದಿದ್ದ. ಏಪ್ರಿಲ್ ಕೊನೆಗೆ ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಮನೆಯವನು ಹೇಳಿ ಕಳಿಸಿದ್ದ.

ತಿಂಡಿಗೆ ಕೂತಾಗ ಮೇಸ್ತ್ರಿ ಮತ್ತೆ ಅದನ್ನೇ ಎತ್ತಿದ. ಎಲ್ಲ ಅಮ್ಮನ ಎದೆಗೋಸ್ಕರ, ತನಗೇನು, ತಾನು ಹೇಗೂ ಬದುಕುತ್ತೇನೆ ಎಂದ. ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಚಾಕು ಕೆಳಗಿಟ್ಟಳು.

"ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿಮಗೆ ದೂರದ ಸಮುದ್ರಾನೂ ಸಿಹಿ."

"ನಿನ್ನ ಕುರ್ಚಿ ಒಂದು ಸಿಗ್ಲಿ, ನಮ್ಮಮ್ಮ ಕೆಮ್ಮಿ ಕೆಮ್ಮಿ ಸಾಯ್ಲಿ. ಅಷ್ಟೇ ತಾನೇ?"

"ಅಷ್ಟೇ ಆಗಿದ್ರೆ ಅವರ ಕಫದ ಬಟ್ಟೆ ನಾನ್ಯಾಕೆ ಒಗೀತಿದ್ದೆ? ನೀವು ಒಗೀರಿ ನಾಳೆಯಿಂದ."

ಕೊನೆಗೆ ಒಪ್ಪಂದ ಅವಳೇ ಮುಂದಿಟ್ಟಳು. ಏಪ್ರಿಲ್ ಕೊನೆಯ ಭಾನುವಾರದವರೆಗೆ ಪ್ರತಿ ವಾರ ಎಲ್ಲರ ಎದುರು ತೂಗಬೇಕು. ಒಂದೇ ಒಂದು ಸಲ ನಲವತ್ತಾರಕ್ಕಿಂತ ಕೆಳಗೆ ಬಂದರೂ ತಾನೇ ರಾಜೀನಾಮೆ ಬರೆದುಕೊಟ್ಟು ಪಾತ್ರೆ ಕಟ್ಟುತ್ತಾಳೆ. ಬರದಿದ್ದರೆ ಅವನು ಈ ಮನೆಯಲ್ಲಿ ಸಮುದ್ರದ ಹೆಸರೆತ್ತಬಾರದು. ಮೇಸ್ತ್ರಿ ಕೈ ತೊಳೆದು ಅಂಗಡಿಗಿಳಿದು, ಯಂತ್ರದ ಸೊನ್ನೆ ಕೂರಿಸುವ ತಿರುಪಿನ ಮೇಲೆ ತಂತಿ ಸುತ್ತಿ ಸೀಸದ ಸೀಲು ಒತ್ತಿದ. ಸೊಸೆ ಅದರ ಮೇಲೆ ಲ್ಯಾಬಿನಿಂದ ತಂದ ಬಿಳಿ ಪಟ್ಟಿ ಅಂಟಿಸಿ ತನ್ನ ಸಹಿ ಹಾಕಿದಳು.

"ನನ್ನ ಸೀಲಿನ ಮೇಲೆ ನಂಬಿಕೆ ಇಲ್ವಾ?"

"ಸೀಲಿನ ಮೇಲಿದೆ," ಅಂದಳು ಸೊಸೆ.

ತೂಗಿಸಿಕೊಳ್ಳಬೇಕಾದವಳನ್ನು ಯಾರೂ ಏನೂ ಕೇಳಲಿಲ್ಲ. ಅಜ್ಜಿ ಹಾಲಿನ ಲೋಟ ಖಾಲಿ ಮಾಡಿ ಮಗುಚಿಟ್ಟಳು.

ಅಂದಿನಿಂದ ಅಡುಗೆಮನೆ ರಣರಂಗವಾಯಿತು. ಸೊಸೆ ಅತ್ತೆಗೆ ಬೆಳಿಗ್ಗೆ ಎರಡು ಮೊಟ್ಟೆ, ಹನ್ನೊಂದಕ್ಕೆ ಬಾಳೆಹಣ್ಣು, ಮಧ್ಯಾಹ್ನ ಗಟ್ಟಿ ಹಾಲು ಎಂದು ಗೊತ್ತುಮಾಡಿದಳು. ಕೆಲಸಕ್ಕೆ ಹೋಗುವ ಮುಂಚೆ ಎಲ್ಲವನ್ನೂ ತಟ್ಟೆಯಲ್ಲಿ ಮುಚ್ಚಿಟ್ಟು, ಬಂದ ಮೇಲೆ ಮುಚ್ಚಳ ತೆಗೆದು ನೋಡುತ್ತಿದ್ದಳು. ಮಧ್ಯಾಹ್ನದ ಹಾಲು ಬಿಸಿ ಮಾಡಿಕೊಡುವುದು ಮೇಸ್ತ್ರಿಯ ಪಾಲಿಗೆ ಬಂದಿತ್ತು. ಅವನು ಅದನ್ನು ಮೊದಲ ವಾರ ಎರಡು ದಿನ ಮರೆತ, ಮರುವಾರ ನಾಲ್ಕು ದಿನ. ಬೇಕೆಂದೇ ಮರೆಯುತ್ತಿದ್ದಾನೆ ಎಂದು ಸೊಸೆ ಕೂಗಾಡಿದಳು. ನಾಲ್ಕು ದಿನ ಹಾಲು ಕುಡಿಯದಿದ್ದರೆ ಯಾರೂ ಕರಗಿಹೋಗುವುದಿಲ್ಲ ಎಂದು ಅವನು ತಿರುಗಿ ಕೂಗಿದ. ಎರಡು ಮೊಟ್ಟೆಗಳಲ್ಲಿ ಒಂದು ಪ್ರತಿದಿನ ಹಿಂದಿನ ಮನೆಯ ಬೆಕ್ಕಿಗೆ ಹೋಗುತ್ತಿತ್ತು. ಗುಂಜಿ ಒಬ್ಬಳೇ ಅದನ್ನು ಕಂಡಿದ್ದಳು.

"ತಿನ್ನಬಾರ್ದಾ ಅಜ್ಜಿ?"

"ಒಬ್ಬಳು ಗೆಲ್ಲೋಕೆ ತಿನ್ನಿಸ್ತಾಳೆ, ಒಬ್ಬ ಗೆಲ್ಲೋಕೆ ಮರೀತಾನೆ. ಆ ಊಟ ಗಂಟಲಲ್ಲಿ ಇಳಿಯುತ್ತೇನೆ?"

"ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ನಮ್ಮನೇಲಿ ಎಪ್ಪತ್ತೊಂದು ವರ್ಷದ ಕೂಸು," ಅಂದಳು ಗುಂಜಿ. ಅಜ್ಜಿ ನಗಲಿಲ್ಲ.

ಎರಡನೇ ಭಾನುವಾರ ನಲವತ್ತೇಳು ಆರುನೂರು ಬಂತು. ಮೇಸ್ತ್ರಿ ಅಂದು ಎರಡನೇ ಸಲ ಬಡಿಸಿಕೊಂಡು ಉಂಡ. ಅಮ್ಮನ ಪಕ್ಕ ಕೂತು, ಸ್ವಲ್ಪ ತಾಳು, ನಿನಗೋಸ್ಕರ ನಾನು ಏನು ಬೇಕಾದರೂ ಮಾಡ್ತೀನಿ ಎಂದು ಬೆನ್ನು ಸವರಿದ.

ಈ ಮಾತನ್ನು ಅಜ್ಜಿ ಹಿಂದೆಯೂ ಕೇಳಿದ್ದಳು. ಮಾರುಕಟ್ಟೆಯ ಮೂಲೆಯಲ್ಲಿದ್ದ ಗಂಡನ ಅಂಗಡಿಯನ್ನು ಮಗ ಬಿಟ್ಟುಕೊಟ್ಟಾಗ ಅದು ಅಮ್ಮನ ಮಂಡಿನೋವಿಗೋಸ್ಕರ ಎಂದು ನೆಂಟರಲ್ಲೆಲ್ಲ ಸುದ್ದಿಯಾಗಿತ್ತು. ನಿಜವಾಗಿ ಅಲ್ಲಿ ವ್ಯಾಪಾರ ಕುಸಿದಿತ್ತು. ಗುಂಜಿಯನ್ನು ದೂರದ ಕಾಲೇಜಿಗೆ ಕಳಿಸದಿದ್ದದ್ದೂ ಅಜ್ಜಿಯ ಹೆಸರಿನಲ್ಲೇ. ಮುದುಕಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಲ್ಲ. ಗುಂಜಿ ಒಂದು ವರ್ಷ ಅಜ್ಜಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಆ ಒಂದು ವರ್ಷವನ್ನು ಅಜ್ಜಿ ಮರೆತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಮೇಸ್ತ್ರಿ ಸಾಮಾನು ತರಲು ಹೋದಾಗ ಅಜ್ಜಿ ಗೋಡೆ ಹಿಡಿದು ಅಂಗಡಿಗಿಳಿದಳು. ಯಂತ್ರದ ಮೇಲೆ ನಿಂತು ಗುಂಡನ್ನು ತಾನೇ ತಳ್ಳಿದಳು. ನಲವತ್ತು ವರ್ಷ ತಕ್ಕಡಿಯವನ ಜೊತೆ ಬಾಳಿದವಳಿಗೆ ದಂಡ ಓದುವುದನ್ನು ಯಾರೂ ಕಲಿಸಬೇಕಿರಲಿಲ್ಲ. ನಲವತ್ತಾರು ಏಳುನೂರು. ಇಳಿದು, ಮೇಲಿನ ಹಲಗೆಯಿಂದ ಗಂಡನ ಮರದ ಪೆಟ್ಟಿಗೆ ತೆಗೆದಳು. ಅದರೊಳಗೆ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು ಸಾಲಾಗಿ ಕೂತಿದ್ದವು. ಅವನು ತೀರಿಕೊಂಡ ಮೇಲೆ ಅವುಗಳಿಂದ ಯಾರೂ ತೂಗಿರಲಿಲ್ಲ. ಒಂದು ಕಿಲೋದ ಬಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಲೆ ಹೋಗಿ, ಚೀಲ ಹೊಲಿಯುವ ಬಟ್ಟೆಯಲ್ಲೇ ಒಂದು ಸೊಂಟಪಟ್ಟಿ ಹೊಲಿದಳು. ಆ ಬಟ್ಟೆಯೊಳಗೆ ಹಿತ್ತಾಳೆ ಸದ್ದು ಮಾಡುವುದಿಲ್ಲ.

ಮೂರನೇ ಭಾನುವಾರ ನಲವತ್ತೇಳು ಏಳುನೂರು. ಸೊಸೆ ಗಂಡನ ಮುಖ ನೋಡಿ, "ಮೊಟ್ಟೆ ಕೆಲಸ ಮಾಡ್ತಿದೆ," ಅಂದಳು.

ನಾಲ್ಕನೇ ಭಾನುವಾರವೂ ತೂಕ ಇಳಿಯಲಿಲ್ಲ. ಮೇಸ್ತ್ರಿಗೆ ಅನುಮಾನ ಶುರುವಾಯಿತು. ಅಮ್ಮನ ಕೆನ್ನೆ ಒಳಗಿಳಿದದ್ದು ಕಣ್ಣಿಗೆ ಕಾಣುತ್ತಿತ್ತು, ದಂಡ ಮಾತ್ರ ಬೇರೆ ಹೇಳುತ್ತಿತ್ತು. ಕಣ್ಣಿಗಿಂತ ದಂಡವನ್ನು ನಂಬಿ ಬೆಳೆದವನು ಅವನು. ಆದ್ದರಿಂದ ದಂಡವೇ ಸುಳ್ಳಾಗಿದೆ, ಸುಳ್ಳು ಮಾಡಿದವಳು ಹೆಂಡತಿ ಎಂದು ತೀರ್ಮಾನಿಸಿದ. ಸೀಲು ನೋಡಿದ, ನೆಟ್ಟಗಿತ್ತು. ಸಹಿಯ ಪಟ್ಟಿ ನೋಡಿದ, ಸುಕ್ಕಿರಲಿಲ್ಲ. ಅಂಗಡಿಯ ಐದು ಕಿಲೋದ ಬಟ್ಟುಗಳನ್ನು ಯಂತ್ರದ ನಾಲ್ಕು ಮೂಲೆಗಳಲ್ಲಿ, ಆಮೇಲೆ ನಡುವೆ, ಒಂದರ ಮೇಲೊಂದು ಪೇರಿಸಿ ಪರೀಕ್ಷಿಸಿದ. ಐದಕ್ಕೆ ಐದು, ಇಪ್ಪತ್ತಕ್ಕೆ ಇಪ್ಪತ್ತು, ನಲವತ್ತೈದಕ್ಕೆ ನಲವತ್ತೈದು. ಮರುವಾರ ಸೊಸೆಯೂ ಬಂದು ಅದೇ ಪರೀಕ್ಷೆಯನ್ನು ಅವನೆದುರೇ ಮಾಡಿದಳು, ಯಾಕೆಂದರೆ ಅವನು ಮುಟ್ಟಿದ್ದನ್ನು ಅವಳು ಕಂಡಿದ್ದಳು. ಹೀಗೆ ಆ ಯಂತ್ರವನ್ನು ಅವರಿಬ್ಬರೂ ಸೇರಿ ಆರು ಸಲ ಪರೀಕ್ಷಿಸಿದರು. ಅದರ ಮೇಲೆ ನಿಲ್ಲುವವಳನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ.

"ಅಜ್ಜಿ, ಯಾಕೆ ಬಾತುಕೋಳಿ ಥರ ನಡೀತೀಯ?" ಎಂದು ಗುಂಜಿ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೇಳಿದಳು.

"ನಿಮ್ಮಮ್ಮನ ಮೊಟ್ಟೆ ತಿಂದು ತಿಂದು," ಅಂದಳು ಅಜ್ಜಿ.

ಏಪ್ರಿಲ್ ಎರಡನೇ ವಾರ, ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಬಯ್ಯಿ ಎಂದು ಮೇಸ್ತ್ರಿ ಎಲ್ಲರನ್ನೂ ಆ ಊರಿಗೆ ಹೊರಡಿಸಿದ. ಬಸ್ಸಿನಲ್ಲಿ ಗಂಡಹೆಂಡಿರು ಬೇರೆ ಬೇರೆ ಸೀಟಿನಲ್ಲಿ ಕೂತರು. ಊರು ಅವನು ಹೇಳಿದ ಹಾಗೇ ಇತ್ತು, ಅದೇ ಸೊಸೆಗೆ ಸಿಟ್ಟು ತರಿಸಿತು. ಅಗಲವಾದ ಬೀದಿ, ಮಧ್ಯಾಹ್ನ ಮುಚ್ಚುವ ಅಂಗಡಿಗಳು, ಎಲ್ಲೋ ಒಂದು ಸೈಕಲ್ಲಿನ ಗಂಟೆ. ಮನೆಯ ಗೋಡೆಗೆ ಹೊಸ ಸುಣ್ಣ. ಅವಳು ಕಿಟಕಿಯ ಚಿಲಕ ಎಳೆದಳು. ತುಕ್ಕು ಪದರಪದರವಾಗಿ ಬೆರಳಿಗೆ ಬಂತು. ಆಮೇಲೆ ಊರಿನ ಆಸ್ಪತ್ರೆಯ ಲ್ಯಾಬು ನೋಡಿಬಂದಳು. ಒಂದು ಮೇಜು, ಬಟ್ಟೆ ಮುಚ್ಚಿದ ಒಂದು ಸೂಕ್ಷ್ಮದರ್ಶಕ, ವಾರಕ್ಕೆರಡು ದಿನ ಬರುವ ಒಬ್ಬ ಹುಡುಗಿ.

"ನಾನು ಇಲ್ಲಿ ಆ ಮೈಕ್ರೋಸ್ಕೋಪ್ ಮುಚ್ಚಿದ ಬಟ್ಟೆ ಒಗ್ದುಕೊಂಡಿರ್ಬೇಕು," ಅಂದಳು.

ಮೇಸ್ತ್ರಿ ಮಗಳನ್ನು ಮೀನು ಹರಾಜಿನ ಕಟ್ಟೆಗೆ ಕರೆದೊಯ್ದ. ಅಲ್ಲಿ ಆರು ದೊಡ್ಡ ತೂಕದ ಯಂತ್ರಗಳು, ಆರೂ ಹಳೆಯ ಕಾಲದವು, ಆರಕ್ಕೂ ಸನ್ನೆಕೋಲುಗಳವರೆಗೆ ತುಕ್ಕು ಹತ್ತಿತ್ತು. ಅವನು ಮಂಡಿಯೂರಿ ಒಂದರ ಅಡಿಗೆ ಕೈ ಹಾಕಿ, ಕೆಂಪಾದ ಅಂಗೈ ಮಗಳಿಗೆ ತೋರಿಸಿದ. ಉಪ್ಪುಗಾಳಿಗೆ ಆರು ತಿಂಗಳಿಗೊಮ್ಮೆ ಎಲ್ಲ ಬಿಚ್ಚಿ ಕಟ್ಟಬೇಕು, ಸುತ್ತಮುತ್ತ ಇಂಥ ಎಂಟು ಹರಾಜು ಕಟ್ಟೆಗಳಿವೆ, ಒಬ್ಬನೇ ಒಬ್ಬ ರಿಪೇರಿಯವನಿಲ್ಲ ಎಂದ. ಮನೆಯಲ್ಲಿ ಯಾರೂ ಅವನ ಮುಖ ಅಷ್ಟು ಗೆಲುವಾಗಿದ್ದದ್ದನ್ನು ಈಚೆಗೆ ಕಂಡಿರಲಿಲ್ಲ.

"ಇದನ್ನೇ ಅಮ್ಮನಿಗೆ ಹೇಳ್ಬಹುದಲ್ಲಪ್ಪ. ಅಜ್ಜಿ ಕೆಮ್ಮು ಯಾಕೆ ಮಧ್ಯದಲ್ಲಿ?"

"ಕೆಲಸ ಇಲ್ಲ ಅಂತ ಹೇಳ್ಕೊಂಡು ಹೆಂಡ್ತಿ ಕುರ್ಚಿ ಬಿಡಿಸಿದ ಅಂತ ಅನ್ನಿಸ್ಕೊಳ್ಳಾ?" ಅಂದ ಮೇಸ್ತ್ರಿ. "ಬಾಯಿ ಮುಚ್ಕೊಂಡಿರು."

ಅಜ್ಜಿ ಎರಡು ದಿನ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ಹೇಗಿದೆ ಎಂದು ಕೇಳಿದ್ದಕ್ಕೆ, ಇಲ್ಲಿ ಒಬ್ಬರು ಅಗಿಯೋದು ಇನ್ನೊಬ್ಬರಿಗೆ ಕೇಳುತ್ತೆ ಎಂದಳು. ಹೊರಡುವ ಬೆಳಿಗ್ಗೆ ಹಾಸಿಗೆ ಮಡಚಲು ಹೋದ ಸೊಸೆಗೆ ದಿಂಬಿನ ಕೆಳಗೆ ಅತ್ತೆಯ ಕಫದ ಬಟ್ಟೆ ಸಿಕ್ಕಿತು. ಮನೆಯಲ್ಲಿದ್ದಾಗ ದಿನಕ್ಕೆ ಮೂರು ಒಗೆಯುತ್ತಿದ್ದಳು. ಇದು ಎರಡು ದಿನದಿಂದ ಅಲ್ಲೇ ಇತ್ತು; ಮಡಿಕೆ ಬಿಚ್ಚದೆ, ಒಂದು ಕಲೆಯೂ ಇಲ್ಲದೆ. ಅವಳು ಅದನ್ನು ಒಂದು ಸಲ ತಿರುಗಿಸಿ ನೋಡಿ, ಚೀಲದ ತಳಕ್ಕೆ ತುರುಕಿದಳು. ಬಸ್ಸಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ವಾಪಸು ಬಂದ ಮೇಲೆ ಅಜ್ಜಿ ಒಂದು ಕಿಲೋದ ಜೊತೆಗೆ ಎರಡು ಕಿಲೋದ ಬಟ್ಟನ್ನೂ, ಆಮೇಲೆ ಅರ್ಧ ಕಿಲೋದ್ದನ್ನೂ ಕಟ್ಟಿಕೊಳ್ಳಬೇಕಾಯಿತು.

ಏಪ್ರಿಲ್ ಇಪ್ಪತ್ತೆಂಟು, ಕೊನೆಯ ಭಾನುವಾರ. ನಲವತ್ತೇಳು ಮುನ್ನೂರು. ಸೊಸೆ ಮೇಲೆ ಹೋಗಿ ಒಲೆ ಹಚ್ಚಿದಳು. ತಟ್ಟೆಗಳನ್ನು ಮೇಜಿನ ಮೇಲಿಡುವಾಗ ಒಂದು ಹಾಡು ಗುನುಗುತ್ತಿದ್ದಳು, ಅದು ಕೆಳಗಿನವರೆಗೆ ಕೇಳಿಸಿತು. ಅಂಗಡಿಯಲ್ಲೇ ಉಳಿದ ಮೇಸ್ತ್ರಿ ಕೈಗೆ ಏನಾದರೂ ಕೆಲಸ ಬೇಕೆಂದು ಅಪ್ಪನ ಮರದ ಪೆಟ್ಟಿಗೆ ಇಳಿಸಿದ. ಹೊಸದಾಗಿ ತೆರೆಯುವ ಒಂದು ಹೋಟೆಲಿನವರು ಅಲಂಕಾರಕ್ಕೆ ಹಳೆಯ ಬಟ್ಟು ಕೇಳಿದ್ದರು. ಮುಚ್ಚಳ ತೆಗೆದರೆ ಮೂರು ಗುಳಿ ಖಾಲಿ.

ಪೆಟ್ಟಿಗೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ.

"ಎಲ್ಲಿಟ್ಟಿದ್ದೀಯ?"

"ಏನನ್ನ?"

"ನಮ್ಮಪ್ಪನ ಬಟ್ಟು. ಮೂರೂವರೆ ಕಿಲೋ. ಈಗ ಗೊತ್ತಾಯ್ತು ದಂಡ ಯಾಕೆ ಇಳಿದಿಲ್ಲ ಅಂತ."

"ನಿಮ್ಮ ಹಳೇ ಹಿತ್ತಾಳೆ ತಗೊಂಡು ನಾನೇನ್ರೀ ಮಾಡ್ಲಿ? ಬೇಳೆ ಜೊತೆ ಬೇಯಿಸ್ಲಾ?"

ಅವನು ಮತ್ತೆ ಕೆಳಗೋಡಿದ. ಉಳಿದವರು ಹಿಂದೆ ಬಂದರು. ಅವಳ ಸಹಿಯ ಪಟ್ಟಿಯನ್ನು ಉಗುರಿನಿಂದ ಕಿತ್ತ. ತನ್ನ ಸೀಲನ್ನು ಇಕ್ಕಳದಿಂದ ಕತ್ತರಿಸಿದ. ಯಂತ್ರವನ್ನು ಮಗ್ಗುಲಿಗೆ ಕೆಡವಿ, ಅಡಿಯ ತಗಡು ಬಿಚ್ಚಿ ಟಾರ್ಚು ಹಿಡಿದ. ಸನ್ನೆಕೋಲುಗಳು, ಧೂಳು, ಸತ್ತ ಜಿರಲೆ. ಬಟ್ಟು ಇರಲಿಲ್ಲ.

"ತೂಗಿ ಆದ್ಮೇಲೆ ತೆಗೆದಿದ್ದಾಳೆ," ಅಂದ, ಮಗಳ ಕಡೆ ತಿರುಗಿ. "ನಿಮ್ಮಮ್ಮ ಕಳ್ಳಿ."

ಸೊಸೆಯ ಕೈಯಲ್ಲಿ ಇನ್ನೂ ಸೌಟು ಇತ್ತು. ಅದನ್ನು ಅವಳು ಕೆಲಸದ ಮೇಜಿನ ಮೇಲೆ ನಿಧಾನವಾಗಿ ಇಟ್ಟಳು.

"ಇನ್ನೊಂದ್ಸಲ ಅನ್ನಿ. ಅಂದುಬಿಡಿ, ನಾನು ಈಗ್ಲೇ ಬಟ್ಟೆ ತುಂಬ್ಕೋತೀನಿ."

ಅವನು ಬಾಯಿ ತೆರೆದ. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಅದಕ್ಕೆ ಮುಂಚೆ ಮಾತಾಡಿದಳು.

"ಆ ಮಾತು ಈ ಕಡೆ ಕೊಡು. ಅದು ನಂದು."

ಕೈ ಒಳಗೆ ಹಾಕಿ ಗಂಟು ಸಡಿಲಿಸಿ ಸೊಂಟಪಟ್ಟಿಯನ್ನು ಎಳೆದಳು. ಎದ್ದು ಬಂದು, ಅದರ ಒಂದೊಂದು ಜೇಬಿನಿಂದ ಒಂದೊಂದನ್ನು ತೆಗೆದು ಕೆಲಸದ ಮೇಜಿನ ಮೇಲಿಟ್ಟಳು. ಎರಡು ಕಿಲೋ, ಒಂದು ಕಿಲೋ, ಅರ್ಧ ಕಿಲೋ. ಒಂದೊಂದಕ್ಕೂ ಮೇಜಿನ ಮೇಲಿದ್ದ ತಿರುಪುಗಳು ಅಲುಗಿದವು. ಪಟ್ಟಿ ಬಿಗಿದ ಜಾಗದಲ್ಲಿ ನೋವಿತ್ತೇನೋ, ಸೊಂಟ ಒತ್ತಿಕೊಂಡಳು.

ಸೊಸೆ ಒಂದು ಬಟ್ಟನ್ನು ಮುಟ್ಟಿ ನೋಡಿದಳು. "ಅತ್ತೆ... ನನಗೋಸ್ಕರ?"

"ನಿನಗೋಸ್ಕರ ಯಾಕಮ್ಮ? ನಿನ್ನ ಮುಖ ಕಂಡ್ರೆ ನನಗೂ ಅಷ್ಟಕ್ಕಷ್ಟೆ. ನೀನು ನನ್ನನ್ನ ಕೋಳಿ ಸಾಕಿದ ಹಾಗೆ ಸಾಕಿದೆ." ಅಜ್ಜಿ ಮಗನ ಕಡೆ ತಿರುಗಿದಳು. "ಮಾರುಕಟ್ಟೆ ಅಂಗಡಿ ನನ್ನ ಮಂಡಿ ಮೇಲೆ ಹಾಕ್ದೆ. ಈ ಹುಡುಗಿ ಓದು ನನ್ನ ತಲೆ ಮೇಲೆ ಕಟ್ದೆ, ಅವಳು ಒಂದು ವರ್ಷ ನನ್ನ ಹತ್ರ ಮಾತು ಬಿಟ್ಳು. ಈಗ ಇವಳ ಕುರ್ಚಿನೂ ನನ್ನ ಎದೆ ಮೇಲೆ ಹಾಕ್ತೀಯ. ಎಷ್ಟು ಹೊರ್ಲೋ ನಾನು?"

"ಸಾಯ್ತಿದ್ದೆಯಲ್ಲಮ್ಮ ನೀನು. ಡಾಕ್ಟರು ಏನಂದಿದ್ರು?"

"ಹೊಟ್ಟೆಪಾಡಿಗೆ ಹೋಗೋಣ ಅನ್ನು. ಇಲ್ಲಿ ಅಂಗಡಿ ಸತ್ತಿದೆ, ಅಲ್ಲಿ ತುಕ್ಕಿದೆ, ದುಡೀತೀನಿ ಅನ್ನು. ಇವಳ ಎದುರು ಅನ್ನು. ಮೊದಲು ಬಸ್ ಹತ್ತೋಳು ನಾನೇ."

ಅಮ್ಮನಿಗೆ ತುಕ್ಕಿನ ಸಂಗತಿ ಯಾರು ಹೇಳಿದರೆಂದು ಮೇಸ್ತ್ರಿ ಮಗಳನ್ನು ದುರುಗುಟ್ಟಿ ನೋಡಿದ. ಗುಂಜಿ ಕಣ್ಣು ತಗ್ಗಿಸಲಿಲ್ಲ. ಅವನು ಹೆಂಡತಿಯ ಎದುರು ಆ ಮಾತು ಆಡಲೂ ಇಲ್ಲ. ತಗಡಿನ ತಿರುಪುಗಳನ್ನು ನೆಲದಿಂದ ಒಂದೊಂದಾಗಿ ಹೆಕ್ಕತೊಡಗಿದ.

"ನೀವು ಮುಟ್ಬೇಡಿ," ಅಂದಳು ಸೊಸೆ. "ಗುಂಜಿ, ನೀನು ಕೂರಿಸು."

ಗುಂಜಿ ಯಂತ್ರ ನೆಟ್ಟಗೆ ನಿಲ್ಲಿಸಿ, ತಗಡು ಬಿಗಿದು, ಸೊನ್ನೆ ಸರಿಮಾಡಿದಳು. ತಾತನ ಮೂರು ಬಟ್ಟುಗಳನ್ನು ನಡುವೆ ಇಟ್ಟು ಗುಂಡು ತಳ್ಳಿದಳು. ಸರಿಯಾಗಿ ಮೂರೂವರೆ. ಬಟ್ಟು ಇಳಿಸಿ ಹಿಂದೆ ಸರಿದಳು.

"ಹತ್ತಿ ಅತ್ತೆ."

ಅಜ್ಜಿ ಹತ್ತಿದಳು. ಓಲಾಡಿದ್ದನ್ನು ಕಂಡು ಮೊಮ್ಮಗಳು ತೋಳು ಹಿಡಿಯಲು ಹೋದಳು.

"ಯಾರೂ ಹಿಡ್ಕೋಬೇಡಿ," ಅಂದಳು ಸೊಸೆ.

ದಂಡದ ಮುಂದೆ ಈಗ ಅವಳೊಬ್ಬಳೇ ಇದ್ದಳು. ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಅಲ್ಲಿಗೆ ಅಂಕಿ ಕಾಣುತ್ತಿರಲಿಲ್ಲ. ಗುಂಜಿ ಅಜ್ಜಿಯ ಬೆನ್ನ ಹಿಂದಿದ್ದಳು. ಸೊಸೆ ಗುಂಡನ್ನು ನಲವತ್ತೇಳಕ್ಕೆ ಒಯ್ದು ಅಲ್ಲಿಂದ ಹಿಂದಕ್ಕೆ ತಂದಳು. ನಲವತ್ತಾರರಲ್ಲಿ ದಂಡ ಏಳಲಿಲ್ಲ. ನಲವತ್ತೈದರಲ್ಲೂ ಏಳಲಿಲ್ಲ. ಮೇಲಿನ ಒಲೆಯ ಮೇಲೆ ಏನೋ ತಳಹತ್ತುವ ವಾಸನೆ ಬರುತ್ತಿತ್ತು. ಅವಳು ಲ್ಯಾಬಿನಲ್ಲಿ ಮಾಡುವ ಹಾಗೆ ಉಸಿರು ಬಿಗಿಹಿಡಿದು ಗುಂಡನ್ನು ಒಂದೊಂದೇ ಗೀರು ಸರಿಸಿದಳು. ದಂಡ ಎದ್ದು, ಇಳಿದು, ಸಮನಾಗಿ ನಿಂತಿತು.

"ಎಷ್ಟು?" ಅಂದ ಮೇಸ್ತ್ರಿ.

ಸೊಸೆ ಇನ್ನೊಮ್ಮೆ ಬಗ್ಗಿ ನೋಡಿದಳು.

"ನಲವತ್ತಮೂರು ಕಿಲೋ ಎಂಟುನೂರು ಗ್ರಾಂ."